ಹಳೆಯ ಬಂಡಿಗೆ ಹೊಸ ಬ್ಯಾಟರಿ

ಮೋಟಾರು ಸೈಕಲ್ಲಿಗೆ ಚರಿತ್ರೆಯುಂಟೆಂದರೆ ಎಲ್ಲರೂ ಒಪ್ಪುತ್ತಾರೆ. ಅದರ ಆಸನದಡಿಯಲ್ಲಿ ಅಡಗಿ ಕುಳಿತ ಬ್ಯಾಟರಿಗೂ ಒಂದು ಚರಿತ್ರೆಯಿದೆಯೆಂದರೆ ನಗುವವರೇ ಹೆಚ್ಚು. ಅಂಗಡಿಗೆ ಹೋಗಿ ಹಳೆಯದನ್ನು ತೋರಿಸಿ ಅದೇ ಅಳತೆಯ ಹೊಸದನ್ನು ತರುವ ಕೆಲಸಕ್ಕೆ ಚರಿತ್ರೆಯ ಪಾಠವೇಕೆ ಎಂಬುದು ಅವರ ಪ್ರಶ್ನೆ. ಆದರೆ ಸೆಕೆಂಡ್ ಹ್ಯಾಂಡ್ ಬಂಡಿಯನ್ನು, ಅದರಲ್ಲಿಯೂ ವೇಗಕ್ಕೆಂದೇ ಹುಟ್ಟಿದ ಬಂಡಿಯನ್ನು, ಕೊಂಡವರಿಗೆ ಈ ಪಾಠ ಅಗತ್ಯವೆಂದೇ ನನ್ನ ಅಭಿಪ್ರಾಯ. ಇಂದು ಅಂಗಡಿಯಲ್ಲಿ ಮೂರು ಬಗೆಯ ಬ್ಯಾಟರಿಗಳು ದೊರೆಯುತ್ತವೆ: ಆಮ್ಲ ತುಂಬುವ ಹಳೆಯ ಮಾದರಿಯದು, ಬಾಯಿ ಮುಚ್ಚಿದ 'ಮೇಂಟೆನೆನ್ಸ್ ಫ್ರೀ' ಎಂಬುದು, ಕೈಗೆತ್ತಿಕೊಂಡರೆ ಡಬ್ಬಿ ಖಾಲಿಯಿದೆಯೋ ಏನೋ ಎನ್ನಿಸುವಷ್ಟು ಹಗುರವಾದ ಲಿಥಿಯಮ್ಮಿನದು. ಮೂರರ ಮೇಲೂ ೧೨ ವೋಲ್ಟ್ ಎಂದೇ ಬರೆದಿರುತ್ತದೆ. ಹಾಗಾದರೆ ಯಾವುದನ್ನು ತರಬೇಕು? ಉತ್ತರಕ್ಕಾಗಿ ಇನ್ನೂರು ವರ್ಷಗಳಿಗೂ ಹಿಂದಕ್ಕೆ ಹೋಗಬೇಕಾಗುತ್ತದೆ.

೧೮೦೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಇಟಲಿಯ ಅಲೆಸಾಂಡ್ರೊ ವೋಲ್ಟಾ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪತ್ರ ಬರೆದ. ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ಅವುಗಳ ಮೇಲೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು, ಹೀಗೆ ಪೇರಿಸುತ್ತ ಹೋದ ಕಂಬವು ಎಡೆಬಿಡದೆ ವಿದ್ಯುತ್ತನ್ನು ಕೊಡುತ್ತದೆಂಬುದು ಅದರ ಸಾರ. ಮರುವರ್ಷ ಪ್ಯಾರಿಸಿನಲ್ಲಿ ನೆಪೋಲಿಯನ್ನನ ಮುಂದೆ ಅದನ್ನು ಮಾಡಿಯೂ ತೋರಿಸಿದ. ನಾವು ದಿನವೂ ಹೇಳುವ 'ವೋಲ್ಟ್' ಆತನ ಹೆಸರೇ. ಆದರೆ ಆ ಕಂಬಕ್ಕೆ ಒಂದು ಕೊರತೆಯಿತ್ತು. ಸತುವು ಸವೆದು ಹೋದರೆ ಕಂಬದ ಆಯುಸ್ಸೂ ಮುಗಿದಂತೆಯೇ.

ಬರಿದಾದುದನ್ನು ಮತ್ತೆ ತುಂಬುವ ಉಪಾಯವನ್ನು ಕಾರ್ಯಸಾಧ್ಯವಾಗಿಸಿದವನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ. ೧೮೫೯ರಲ್ಲಿ ಆತ ಸೀಸದ ಎರಡು ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಚಾಪೆಯ ಹಾಗೆ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಇಳಿಬಿಟ್ಟ. ಮರುವರ್ಷ ಇಂಥ ಒಂಬತ್ತು ಕೋಶಗಳ ಬ್ಯಾಟರಿಯನ್ನು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿರಿಸಿದ. ವಿದ್ವಾಂಸರು ಮೆಚ್ಚಿದರು, ಲೋಕಕ್ಕೆ ಮಾತ್ರ ಅದರಿಂದ ಹೆಚ್ಚಿನ ಉಪಯೋಗವಾಗಲಿಲ್ಲ. ಕಾರಣವಿಷ್ಟೆ: ಆ ಬ್ಯಾಟರಿಗೆ ವಿದ್ಯುತ್ತನ್ನು ತುಂಬಲು ಬೇರೆ ದಾರಿಯಿಲ್ಲದೆ ಇನ್ನೊಂದು ಬ್ಯಾಟರಿಯನ್ನೇ ಬರಿದು ಮಾಡಬೇಕಾಗಿತ್ತು. ಒಂದು ಕೊಡ ತುಂಬಲು ಇನ್ನೊಂದು ಕೊಡವನ್ನು ಬಗ್ಗಿಸಿದಂತೆ! ೧೮೭೧ರಲ್ಲಿ ಗ್ರಾಮ್ ಎಂಬಾತ ತನ್ನ ಡೈನಮೊವನ್ನು ಪ್ರದರ್ಶಿಸಿದ. ೧೮೮೧ರ ಹೊತ್ತಿಗೆ ಫೋರ್ ಎಂಬ ಇನ್ನೊಬ್ಬ ಸೀಸದ ಆಕ್ಸೈಡನ್ನು ಕಣಕದಂತೆ ಕಲಸಿ ಹಲಗೆಗಳಿಗೆ ಮೆತ್ತುವ ಕ್ರಮವನ್ನು ತಂದ. ಆಮೇಲೆಯೇ ಸೀಸದ ಬ್ಯಾಟರಿಗೆ ಯೋಗ ಕೂಡಿ ಬಂದದ್ದು. ತುಂಬುವ ಯಂತ್ರ ಹೇಗಿದೆಯೋ ಬ್ಯಾಟರಿಯ ಬಾಳು ಹಾಗೆ ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನದೆಲ್ಲ ಇದರ ವಿಸ್ತಾರವೇ.

೧೮೮೨ರಲ್ಲಿ ಗ್ಲ್ಯಾಡ್‌ಸ್ಟನ್ ಮತ್ತು ಟ್ರೈಬ್ ಎಂಬ ಆಂಗ್ಲ ವಿಜ್ಞಾನಿಗಳು ಈ ಡಬ್ಬಿಯೊಳಗೆ ನಡೆಯುವುದೇನೆಂದು ವಿವರಿಸಿದರು. ಬ್ಯಾಟರಿ ಬರಿದಾಗುತ್ತಿರುವಾಗ ಎರಡು ಬಗೆಯ ಹಲಗೆಗಳ ಮೇಲೂ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲ ತೆಳುವಾಗುತ್ತದೆ; ತುಂಬುವಾಗ ಇದೆಲ್ಲ ಹಿಂದು ಮುಂದಾಗುತ್ತದೆ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಆ ಸಲ್ಫೇಟು ಹರಳುಗಟ್ಟಿ ಮತ್ತೆ ಕರಗಲು ಒಪ್ಪುವುದಿಲ್ಲ. ಅಳತೆ ಮೀರಿ ತುಂಬಿದರೆ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆದು ಹಾರಿಹೋಗುತ್ತದೆ. ಕಡಮೆಯಾದರೆ ಕಲ್ಲು, ಹೆಚ್ಚಾದರೆ ಗಾಳಿ.

ಮೋಟಾರು ಬಂಡಿಯ ಮೇಲೆ ಬ್ಯಾಟರಿ ಹತ್ತಿ ಕುಳಿತದ್ದು ಕಿಡಿ ಕೊಡುವ ಕೆಲಸಕ್ಕಾಗಿ. ೧೮೯೫ರ ಸುಮಾರಿನ ದ ದಿಯೋಂ ಕಂಪೆನಿಯ ಮೂರು ಗಾಲಿಯ ಬಂಡಿಗಳಲ್ಲಿ ಬ್ಯಾಟರಿ ಮತ್ತು ಕಾಯಿಲಿನಿಂದಲೇ ಕಿಡಿ ಹಾರುತ್ತಿತ್ತು. ಆದರೆ ಬಂಡಿಯಲ್ಲಿ ಡೈನಮೊ ಇರಲಿಲ್ಲ. ದಾರಿಯಲ್ಲಿ ಬ್ಯಾಟರಿ ಬತ್ತಿದರೆ ಸವಾರನ ಗತಿ ದೇವರಿಗೇ ಗೊತ್ತು. ೧೮೯೭ರಲ್ಲಿ ಬಾಷ್ ಕಂಪೆನಿ ಇಂಥದೇ ಬಂಡಿಯೊಂದಕ್ಕೆ ಮ್ಯಾಗ್ನೆಟೊ ಅಳವಡಿಸಿತು. ೧೯೦೨ರಲ್ಲಿ ಅದರ ಸುಧಾರಿತ ರೂಪವೂ ಬಂದಿತು. ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುವ ಈ ಯಂತ್ರ ಬಂದ ಮೇಲೆ ಮೋಟಾರು ಸೈಕಲ್ಲಿಗೆ ಬ್ಯಾಟರಿಯ ಹಂಗು ತಪ್ಪಿತು. ದೀಪಕ್ಕೆ ಕಾರ್ಬೈಡಿನ ಗ್ಯಾಸು ಸಾಕಾಗಿತ್ತು. ಮುಂದೆ ವಿದ್ಯುದ್ದೀಪ ಬೇಕೆನಿಸಿದಾಗ ಡೈನಮೊ ಬಂದಿತು. ಅದರ ಬೆನ್ನಿಗೆ ಆರು ವೋಲ್ಟಿನ ಬ್ಯಾಟರಿಯೂ ಮರಳಿ ಬಂದಿತು. ೧೯೬೯ರಲ್ಲಿ ಜಪಾನಿನ ಹೋಂಡಾ ತನ್ನ ನಾಲ್ಕು ಸಿಲಿಂಡರಿನ ಸಿ.ಬಿ. ೭೫೦ಕ್ಕೆ ಗುಂಡಿ ಒತ್ತಿ ಹೊರಡಿಸುವ ಮೋಟಾರನ್ನು ಕೂಡಿಸಿ, ಅದರ ಜೊತೆಗೆ ೧೪ ಆಂಪಿಯರ್-ಗಂಟೆಯ ದೊಡ್ಡ ಬ್ಯಾಟರಿಯನ್ನೂ ಇಟ್ಟಿತು. ಎಂಜಿನನ್ನು ತಿರುಗಿಸಲು ಒಂದು ಕ್ಷಣ ಮೈಯೆಲ್ಲ ಹಿಂಡಿ ಕೊಡುವುದು ಒಂದು ಕೆಲಸ. ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರುವುದು ಇನ್ನೊಂದು. ಬ್ಯಾಟರಿ ಕೊಳ್ಳುವವರು ಈ ಎರಡನ್ನು ಬೆರೆಸಬಾರದು.

ನಮ್ಮ ನಾಡಿನ ಬೀದಿಗಳಲ್ಲಿಯೇ ಈ ಚರಿತ್ರೆಯ ಮೂರು ಘಟ್ಟಗಳನ್ನು ಕಾಣಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೯೬ರಲ್ಲಿ ಬಾಗಿಲು ಮುಚ್ಚಿತಾದರೂ ಅದರ ಬಂಡಿಗಳು ಇಂದಿಗೂ ಓಡುತ್ತಿವೆ. ಹಳೆಯ ಜಾವಾದಲ್ಲಿ ಆರು ವೋಲ್ಟಿನ ಡೈನಮೊ. ಬ್ಯಾಟರಿ ಸತ್ತರೆ ಕೀಲಿಯನ್ನು ಬೇರೊಂದು ಸ್ಥಾನಕ್ಕೆ ತಿರುಗಿಸಿ, ಬಂಡಿಯನ್ನು ತಳ್ಳಿ ಓಡಿಸಿ ಹೊರಡಿಸುವ ಅನುಕೂಲವನ್ನು ಅದಕ್ಕೆ ಕೊಟ್ಟಿದ್ದರು. ಯಮಹಾ ಆರ್.ಎಕ್ಸ್. ೧೦೦ರಲ್ಲಿ ಕಿಡಿ ಮ್ಯಾಗ್ನೆಟೊದಿಂದಲೇ ಬರುವುದರಿಂದ ಬ್ಯಾಟರಿ ಇಲ್ಲದೆಯೂ ಎಂಜಿನ್ ನಡೆಯುತ್ತದೆ. ಮೂರನೆಯದು ರಾಜ್‌ದೂತ್ ೩೫೦. ಎಸ್ಕಾರ್ಟ್ಸ್ ಕಂಪೆನಿ ೧೯೮೩ರಲ್ಲಿ ಯಮಹಾದ ಆರ್.ಡಿ. ೩೫೦ರ ಮಾದರಿಯಲ್ಲಿ ತಯಾರಿಸತೊಡಗಿದ ಈ ಬಂಡಿಗೆ ೩೪೭ ಸಿ.ಸಿ.ಯ ಜೋಡಿ ಸಿಲಿಂಡರು, ಆರು ಗೇರು. ಅದರ ಓಟದ ಹುಚ್ಚು ಹಿಡಿದವರು ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ, ನಾನೂ ಅವರಲ್ಲೊಬ್ಬ.

ಈ ಬಂಡಿಯ ಆಲ್ಟರ್ನೇಟರಿನಲ್ಲಿ ಶಾಶ್ವತ ಅಯಸ್ಕಾಂತವಿಲ್ಲ. ಬ್ಯಾಟರಿಯಿಂದ ಬಂದ ವಿದ್ಯುತ್ತು ಒಳಗಿನ ಸುರುಳಿಯಲ್ಲಿ ಹರಿದಾಗಲೇ ಅಲ್ಲಿ ಅಯಸ್ಕಾಂತ ಹುಟ್ಟುವುದು, ಆಮೇಲೆಯೇ ಯಂತ್ರ ವಿದ್ಯುತ್ತನ್ನು ತಯಾರಿಸುವುದು. ಎರಡು ಕಾಯಿಲುಗಳಿಗೂ ಬ್ಯಾಟರಿಯೇ ಆಧಾರ. ಎಂದರೆ ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಬೆವರಿಳಿಯುವುದೇ ಲಾಭ. ಕಾಲಿನಿಂದ ಒದ್ದು ಹೊರಡಿಸುವ ಬಂಡಿಗೆ ಬ್ಯಾಟರಿ ಹೇಗಿದ್ದರೇನು ಎನ್ನುವವರು ಗಮನಿಸಬೇಕಾದದ್ದು ಇದನ್ನೇ.

ಈಗ ಅಂಗಡಿಯ ಮೂರು ಡಬ್ಬಿಗಳನ್ನು ನೋಡೋಣ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ ಕಂಪೆನಿ ೧೯೯೧ರಲ್ಲಿ ಮಾರುಕಟ್ಟೆಗೆ ತಂದಿತು. ಮೋಟಾರು ಸೈಕಲ್ಲಿಗೆ ಬಳಸುವ ಕಬ್ಬಿಣ-ಫಾಸ್ಫೇಟಿನ ಬಗೆ ಆ ದಶಕದ ನಡುವಿನಲ್ಲಿ ಟೆಕ್ಸಾಸಿನಲ್ಲಿ ಜಾನ್ ಗುಡ್‌ಇನಫ್ ಅವರ ತಂಡದಲ್ಲಿ ರೂಪುಗೊಂಡದ್ದು. ೨೦೧೯ರ ನೊಬೆಲ್ ಪುರಸ್ಕಾರದಲ್ಲಿ ಅವರಿಗೂ ಪಾಲು ದೊರೆಯಿತು. ಓಟದ ಬಂಡಿಗೆ ಈ ಹಗುರ ದೊಡ್ಡ ಆಕರ್ಷಣೆ. ಆದರೆ ಅದರ ಬೆಲೆ ಇರುವುದು ಗುಂಡಿ ಒತ್ತಿದಾಗ ಕೊಡುವ ಶಕ್ತಿಗೆ. ಒದ್ದು ಹೊರಡಿಸುವ ಬಂಡಿಯಲ್ಲಿ ಆ ಶಕ್ತಿಗೆ ಕೆಲಸವೇ ಇಲ್ಲ. ಅದರ ಮೇಲೆ ಬರೆಯುವ ಆಂಪಿಯರ್-ಗಂಟೆ ಎಷ್ಟೋ ವೇಳೆ 'ಸೀಸಕ್ಕೆ ಸಮಾನ' ಎಂಬ ಲೆಕ್ಕದ್ದು. ನಿಜವಾದ ಸಂಗ್ರಹ ಅದಕ್ಕಿಂತ ಬಹಳ ಕಡಮೆ. ನಗರದ ಸಿಗ್ನಲ್ಲಿನಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಆರ್.ಡಿ.ಯ ಆಲ್ಟರ್ನೇಟರಿನಿಂದ ದೀಪ, ಕಾಯಿಲುಗಳೆರಡಕ್ಕೂ ಸಾಲುವಷ್ಟು ಬರುವುದಿಲ್ಲ. ಕೊರತೆ ತುಂಬುವುದು ಈ ಸಂಗ್ರಹವೇ. ಮೇಲಾಗಿ ಲಿಥಿಯಮ್ಮಿಗೆ ಹದಿನಾಲ್ಕೂವರೆ ವೋಲ್ಟಿನಾಚೆ ಸಹನೆ ಕಡಮೆ.

ಬಾಯಿ ಮುಚ್ಚಿದ ಬ್ಯಾಟರಿಯಲ್ಲಿ ಆಮ್ಲವನ್ನು ಗಾಜಿನ ನೂಲಿನ ಚಾಪೆ ಹೀರಿಕೊಂಡಿರುತ್ತದೆ. ಅಮೆರಿಕದ ಗೇಟ್ಸ್ ರಬ್ಬರ್ ಕಂಪೆನಿ ಎಪ್ಪತ್ತರ ದಶಕದ ಆರಂಭದಲ್ಲಿ ತಂದ ಉಪಾಯವಿದು. ಚೆಲ್ಲುವುದಿಲ್ಲ, ನೀರು ಕೇಳುವುದಿಲ್ಲ. ಆದರೆ ಹೆಚ್ಚು ತುಂಬಿ ನೀರು ಹಾರಿಹೋದರೆ ಮತ್ತೆ ಹೊಯ್ಯಲು ಬಾಯಿಯೂ ಇಲ್ಲ. ಹಳೆಯ ಮಾದರಿಯದಕ್ಕೆ ಈ ತೊಂದರೆಯಿಲ್ಲ. ತಿಂಗಳಿಗೊಮ್ಮೆ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಿದರೆ ಸಣ್ಣಪುಟ್ಟ ಅಪಚಾರವನ್ನು ಅದು ಕ್ಷಮಿಸುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಬಂಡಿಯನ್ನು ಕೇಳಬೇಕು. ಎಂಜಿನನ್ನು ಮೂರು ಸಾವಿರ ಸುತ್ತುಗಳವರೆಗೆ ಏರಿಸಿ ಬ್ಯಾಟರಿಯ ತುದಿಗಳಲ್ಲಿ ವೋಲ್ಟನ್ನು ಅಳೆದರೆ ಹದಿನಾಲ್ಕರಿಂದ ಹದಿನಾಲ್ಕೂವರೆಯೊಳಗೆ ನಿಲ್ಲಬೇಕು. ನನ್ನ ಬಂಡಿಯಲ್ಲಿ ಕಾರ್ಖಾನೆಯ ಕಾಲದ ರೆಗ್ಯುಲೇಟರೇ ಇದೆ. ತಂತಿ ಸುರುಳಿಯೂ ಸ್ಪ್ರಿಂಗೂ ಸೇರಿ ನಡೆಸುವ ಯಂತ್ರ. ಮೀಟರಿನ ಅಂಕೆ ಹದಿನೈದನ್ನು ದಾಟಿ ಓಲಾಡುತ್ತಿತ್ತು. ಅದನ್ನು ಹದಕ್ಕೆ ತಂದು, ಮೂಲ ಯಮಹಾದ ಲೆಕ್ಕದಂತೆ ೧೨ ವೋಲ್ಟಿನ, ಐದೂವರೆ ಆಂಪಿಯರ್-ಗಂಟೆಯ, ಆಮ್ಲ ತುಂಬುವ ಬ್ಯಾಟರಿಯನ್ನೇ ಆರಿಸಿಕೊಂಡೆ. ಎಲೆಕ್ಟ್ರಾನಿಕ್ ರೆಗ್ಯುಲೇಟರು ಹಾಕಿಸಿದ ಬಂಡಿಗೆ ಬಾಯಿ ಮುಚ್ಚಿದ್ದೇ ಮೇಲು. ಗುಂಡಿ ಒತ್ತಿ ಹೊರಡುವ ಇತ್ತೀಚಿನ ಓಟದ ಬಂಡಿಗೆ, ಚಾರ್ಜಿಂಗ್ ಹದವಾಗಿದ್ದರೆ, ಲಿಥಿಯಮ್ಮನ್ನೂ ಯೋಚಿಸಬಹುದು.

ಇನ್ನು ಮೂರು ಮಾತು. ತಯಾರಾದ ತಿಂಗಳನ್ನು ನೋಡದೆ ಬ್ಯಾಟರಿ ಕೊಳ್ಳಬೇಡಿ. ಆಮ್ಲ ತುಂಬಿದೊಡನೆ ಬಂಡಿಗೆ ಏರಿಸದೆ, ಮೊದಲ ಸಲ ಸಾಮರ್ಥ್ಯದ ಹತ್ತರಲ್ಲೊಂದು ಪಾಲಿನ ವಿದ್ಯುತ್ತಿನಲ್ಲಿ, ಅಂದರೆ ಸುಮಾರು ಅರ್ಧ ಆಂಪಿಯರಿನಲ್ಲಿ, ನಿಧಾನವಾಗಿ ತುಂಬಿಸಿಕೊಳ್ಳಿ. ಆವಿ ಹೋಗುವ ನಳಿಗೆ ಸರಪಳಿಗೂ ಚೌಕಟ್ಟಿಗೂ ತಾಗದೆ ಕೆಳಗೆ ಇಳಿದಿರಲಿ. ಗಂಧಕಾಮ್ಲ ಕಬ್ಬಿಣವನ್ನು ತಿನ್ನಲು ಹೊತ್ತು ಗೊತ್ತು ನೋಡುವುದಿಲ್ಲ.

ಹಳೆಯ ಬ್ಯಾಟರಿಯ ಮಾತೊಂದು ಉಳಿಯಿತು. ಗುಜರಿಯವನು ನಾಲ್ಕು ಕಾಸು ಹೆಚ್ಚು ಕೊಡುತ್ತಾನೆಂದು ಅದನ್ನು ಅವನ ಕೈಗೆ ಹಾಕುವವರಿದ್ದಾರೆ. ಹಿತ್ತಿಲ ಒಲೆಯಲ್ಲಿ ಕರಗಿಸಿದ ಸೀಸದ ಹೊಗೆ ಮತ್ತು ಧೂಳು ಸುತ್ತಲಿನ ಮಕ್ಕಳ ಮೈ ಸೇರಿ ಮಿದುಳಿನ ಬೆಳವಣಿಗೆಯನ್ನೇ ಕುಂಠಿಸುತ್ತದೆ. ಬಳಸಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆಯನ್ನು ೨೦೨೨ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಹೊಸದನ್ನು ಕೊಂಡ ಅಂಗಡಿಯಲ್ಲಿಯೇ ಹಳೆಯದನ್ನು ಕೊಟ್ಟು ಬರುವುದು ನಮ್ಮ ಪಾಲಿನ ಕೆಲಸ. ಸೀಸ ಎಷ್ಟು ಸಲ ಕರಗಿಸಿದರೂ ಸೀಸವೇ; ಇಂದು ತಂದ ಬ್ಯಾಟರಿಯ ಹಲಗೆಗಳಲ್ಲಿ ಎಂದೋ ಯಾರದೋ ಬಂಡಿಯನ್ನು ಓಡಿಸಿದ ಸೀಸವಿರಬಹುದು. ನಮ್ಮದೂ ಹಾಗೆಯೇ ಇನ್ನೊಬ್ಬರ ಬಂಡಿಗೆ ಸೇರಲಿ, ನಡುವೆ ಯಾವ ಮನೆಯ ಅಂಗಳವನ್ನೂ ಕೆಡಿಸದೆ.