ಎರಡು ಅರ್ಧ ಗಂಟೆಗಳ ಕಥೆ



"ನಿನಗೆ ಏಳೆಂಟು ತಿಂಗಳಾಗಿದ್ದಾಗ ನನಗೆ ಹಾಲೇ ಸಾಲದೆ ಹೋಯ್ತು." ದುಬೈಯಲ್ಲಿ ಕೆಲಸಕ್ಕೆ ಹೋಗುತ್ತಾ ಮಕ್ಕಳನ್ನು ಬೆಳೆಸಿದ ಅಮ್ಮಂದಿರ ಬಾಯಲ್ಲಿ ಈ ಮಾತು ಕೇಳಿರುತ್ತೀರಿ. ತಪ್ಪು ತಮ್ಮದೇ ಎಂಬಂತೆ ಹೇಳುತ್ತಾರೆ. ಊರಿಂದ ಬಂದ ಅಂಟಿನುಂಡೆ, ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ ಎಲ್ಲಾ ತಿಂದರೂ ಹಾಲು ಏಕೆ ಕಡಿಮೆಯಾಯಿತು? ಉತ್ತರದ ಒಂದು ಪಾಲು ಕಾನೂನಿನ ಪುಸ್ತಕದಲ್ಲಿದೆ.

ಎದೆಹಾಲಿನ ಲೆಕ್ಕ ಸರಳ. ಮಗು ಕುಡಿದಂತೆಲ್ಲಾ ಹಾಲು ತಯಾರಾಗುತ್ತದೆ. ತುಂಬಿ ನಿಂತರೆ ತಯಾರಿ ನಿಧಾನವಾಗುತ್ತದೆ. ಆರು ತಿಂಗಳ ಮೇಲೆ ಮಗು ರಾಗಿ ಸರಿ ತಿನ್ನತೊಡಗುತ್ತದೆ, ತಾಯಿ ಹಗಲೆಲ್ಲಾ ಕೆಲಸದಲ್ಲಿರುತ್ತಾಳೆ. ಹಾಲು ಇಳಿಯಲು ಇಷ್ಟು ಸಾಕು. ಬೇಕಾದದ್ದು ಉಂಡೆಗಿಂತ ಮುಖ್ಯವಾಗಿ ಸಮಯ.

ಈ ಸಮಯಕ್ಕೂ ಒಂದು ಚರಿತ್ರೆಯಿದೆ. 1919ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಸಮ್ಮೇಳನ, ಹಾಲೂಡಿಸುವ ತಾಯಿಗೆ ಕೆಲಸದ ನಡುವೆ ದಿನಕ್ಕೆ ಎರಡು ಅರ್ಧ ಗಂಟೆ ಬಿಡುವು ಕೊಡಬೇಕೆಂದಿತು. ಭಾರತದ 1961ರ ಹೆರಿಗೆ ಸೌಲಭ್ಯ ಕಾಯಿದೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕೊಟ್ಟಿತು. ಯುಎಇಯ 1980ರ ಕಾರ್ಮಿಕ ಕಾನೂನು ಇನ್ನೂ ಮುಂದೆ ಹೋಗಿ, 18 ತಿಂಗಳವರೆಗೆ ದಿನಕ್ಕೆ ಎರಡು ಅರ್ಧ ಗಂಟೆ ಎಂದಿತು. ಆದರೆ ಹೆರಿಗೆ ರಜೆ ಮಾತ್ರ 45 ದಿನ.

ಆ ಹೊತ್ತಿಗೆ ಜೆಬೆಲ್ ಅಲಿ ಬೆಳೆಯುತ್ತಿತ್ತು. 1979ರಲ್ಲಿ ಬಂದರು ಉದ್ಘಾಟನೆಯಾಯಿತು, 1985ರಲ್ಲಿ ಮುಕ್ತ ವಲಯ ಶುರುವಾಯಿತು. ಹಳೆಯ ದುಬೈಯಿಂದ ಅಲ್ಲಿಗೆ ಸುಮಾರು 35 ಕಿಲೋಮೀಟರ್. ಮಗು ಬರ್‌ದುಬೈ ಫ್ಲ್ಯಾಟಿನಲ್ಲಿ, ತಾಯಿ ಜೆಬೆಲ್ ಅಲಿ ಆಫೀಸಿನಲ್ಲಿ ಎಂದಾದರೆ ಅರ್ಧ ಗಂಟೆಯಲ್ಲಿ ಹೋಗಿಬರುವುದು ಹೇಗೆ? ಹಾಲು ಹಿಂಡಿಡಲು ಬಾಗಿಲು ಹಾಕಿಕೊಳ್ಳುವಂಥ ಕೋಣೆಯೂ ಇಲ್ಲದಿದ್ದರೆ ಕಾನೂನಿನ ಬಿಡುವು ಕಾಗದದಲ್ಲೇ ಉಳಿಯುತ್ತದೆ.

ಆ ಖಾಲಿ ಜಾಗವನ್ನು ಪುಡಿ ಹಾಲಿನ ಡಬ್ಬಿ ತುಂಬಿತು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದು ಅಮುಲ್‌ಗೆ ಕೊಟ್ಟಿತ್ತು. ಅಗತ್ಯವಿದ್ದವರಿಗೆ ಡಬ್ಬಿ ಆಸರೆಯೇ. ಆದರೆ ಕಂಪನಿಗಳ ಪ್ರಚಾರ ಮಿತಿಮೀರಿದ್ದರಿಂದ 1981ರಲ್ಲಿ ವಿಶ್ವ ಆರೋಗ್ಯ ಸಭೆ ಅದಕ್ಕೆ ಕಡಿವಾಣ ಹಾಕುವ ಸಂಹಿತೆಯನ್ನು ಅಂಗೀಕರಿಸಿತು. ವಿರುದ್ಧ ಮತ ಹಾಕಿದ್ದು ಅಮೆರಿಕ ಒಂದೇ.

ಇನ್ನು ಇತ್ತೀಚಿನ ಮಾತು. 2014ರಲ್ಲಿ ಯುಎಇಯ ಫೆಡರಲ್ ನ್ಯಾಷನಲ್ ಕೌನ್ಸಿಲ್, ಎರಡು ವರ್ಷ ಹಾಲೂಡಿಸುವುದು ತಾಯಿಯ ಕರ್ತವ್ಯ ಎನ್ನುವ ವಿಧಿಯೊಂದಕ್ಕೆ ಒಪ್ಪಿಗೆ ಕೊಟ್ಟಾಗ ದೊಡ್ಡ ಚರ್ಚೆಯಾಯಿತು. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಕಾನೂನು ಹೆರಿಗೆ ರಜೆಯನ್ನು 60 ದಿನಕ್ಕೆ ಏರಿಸಿತು. ಹಾಲೂಡಿಸುವ ಬಿಡುವನ್ನು ಹೆರಿಗೆಯಿಂದ ಆರು ತಿಂಗಳಿಗೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲೂಡಿಸಿ ಎನ್ನುತ್ತದೆ. ಹಾಲು ಇಳಿಯುವ ಭಯ ಶುರುವಾಗುವ ವಯಸ್ಸಿಗೆ ಸರಿಯಾಗಿ ಬಿಡುವು ಮುಗಿಯುತ್ತದೆ.

ನಿಮ್ಮ ಅಕ್ಕನೋ ಅತ್ತಿಗೆಯೋ ಈಗ ಈ ಘಟ್ಟದಲ್ಲಿದ್ದರೆ ಮಾಡಬಹುದಾದದ್ದು ಇದೆ. ಬೆಳಗ್ಗೆ ಹೊರಡುವ ಮುಂಚೆ, ಸಂಜೆ ಬಂದ ಕೂಡಲೇ, ರಾತ್ರಿ ಮಗುವಿಗೆ ಹಾಲೂಡಿಸುವುದು. ಸರಿ ತಿನ್ನಿಸುವ ಮೊದಲು ಎದೆಗೆ ಹಾಕಿಕೊಳ್ಳುವುದು. ಆಫೀಸಿನಲ್ಲಿ ಒಂದೆರಡು ಸಲ ಹಿಂಡುವುದು. ರಜಾದಿನ ಮಗುವನ್ನು ಮಡಿಲಲ್ಲೇ ಇಟ್ಟುಕೊಳ್ಳುವುದು. ಎದೆ ಮೆತ್ತಗಾದ ಮಾತ್ರಕ್ಕೆ, ಪಂಪಿನಲ್ಲಿ ಕಡಿಮೆ ಬಂದ ಮಾತ್ರಕ್ಕೆ ಹಾಲು ಬತ್ತಿತೆಂದಲ್ಲ. ಮಗುವಿನ ತೂಕ ಏರುತ್ತಿದೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ ನೋಡಿ. ಅನುಮಾನವಿದ್ದರೆ ವೈದ್ಯರನ್ನು ಕಾಣಲಿ.

ನಿಮ್ಮಲ್ಲಿ ಕೆಲವರು ನಾಳೆ ಆಫೀಸುಗಳಲ್ಲಿ ಟೀಮು ನಡೆಸುವಿರಿ, ರಜೆಗೆ ಸಹಿ ಹಾಕುವಿರಿ. ಕಾನೂನು ಕನಿಷ್ಠ ಇಷ್ಟಾದರೂ ಕೊಡಿ ಎನ್ನುತ್ತದೆ. ಅದಕ್ಕಿಂತ ಹೆಚ್ಚು ಕೊಡಬೇಡಿ ಎಂದು ಎಲ್ಲೂ ಹೇಳಿಲ್ಲ. ಏಳು ತಿಂಗಳ ಮಗುವಿನ ತಾಯಿಗೆ ಒಂದು ಕೋಣೆ, ಎರಡು ಅರ್ಧ ಗಂಟೆ ಕೊಡುವುದು ಆಗ ನಿಮ್ಮ ಕೈಯಲ್ಲಿರುತ್ತದೆ.