ಮಠದ ಅಡುಗೆಮನೆಯಿಂದ ಬಂದ ಕನ್ನೋಲಿ

ಕನ್ನೋಲಿ ಇಟಲಿಯ ದಕ್ಷಿಣಕ್ಕಿರುವ ಸಿಸಿಲಿ ದ್ವೀಪದ ಸಿಹಿತಿಂಡಿ. ತೆಳ್ಳಗೆ ಲಟ್ಟಿಸಿದ ಕಣಕವನ್ನು ನಳಿಗೆಗೆ ಸುತ್ತಿ ಗರಿಗರಿಯಾಗಿ ಕರಿಯುತ್ತಾರೆ; ನಳಿಗೆಯನ್ನು ಎಳೆದು ತೆಗೆದ ಮೇಲೆ ಉಳಿಯುವ ಟೊಳ್ಳು ಕವಚದೊಳಗೆ ಸಕ್ಕರೆ ಬೆರೆಸಿದ ರಿಕೊಟ್ಟಾ ತುಂಬುತ್ತಾರೆ. ಇಷ್ಟು ಸರಳವಾಗಿ ಕಾಣುವ ತಿಂಡಿಯ ಹಿಂದೆ ಕುರಿಗಾಹಿಗಳು, ಅರಬ್ಬರ ಕಬ್ಬಿನ ಗದ್ದೆಗಳು, ಗೋಡೆಯಾಚೆ ಬದುಕಿದ ಕನ್ಯಾಸ್ತ್ರೀಯರು ಎಲ್ಲರೂ ಇದ್ದಾರೆ. ಇವರ ಪೈಕಿ ಕನ್ಯಾಸ್ತ್ರೀಯರ ಪಾಲು ದೊಡ್ಡದು. ಪಾಕವಿಧಾನವನ್ನು ಪುಸ್ತಕಕ್ಕಿಂತ ಹೆಚ್ಚಾಗಿ ಕೈಯಿಂದ ಕೈಗೆ ಉಳಿಸಿಕೊಟ್ಟವರು ಅವರೇ.

ಹೂರಣದಿಂದಲೇ ಆರಂಭಿಸಬೇಕು, ಏಕೆಂದರೆ ಈ ತಿಂಡಿಯಲ್ಲಿ ಅತಿ ಹಳೆಯದು ಅದು. ಸಿಸಿಲಿಯ ಒಳನಾಡು ಗುಡ್ಡಗಾಡು. ಕುರಿ ಸಾಕಣೆ ಅಲ್ಲಿನ ಬಹು ಪುರಾತನ ಕಸುಬು. ಕುರಿಹಾಲನ್ನು ಒಡೆಸಿ ಚೀಸ್ ತೆಗೆದ ಮೇಲೆ ತಿಳಿಯಾದ ಹಾಲೊಡಕು ಉಳಿಯುತ್ತದೆ. ಅದನ್ನು 80ರಿಂದ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಮತ್ತೆ ಕಾಯಿಸಿದರೆ ಅದರಲ್ಲಿ ಕರಗಿದ್ದ ಪ್ರೋಟೀನು ಬಿಳಿ ಮೋಡದ ಹಾಗೆ ಮೇಲೆ ತೇಲಿಬರುತ್ತದೆ. ಅದನ್ನು ಸೌಟಿನಿಂದ ಎತ್ತಿ ಜೊಂಡಿನ ಸಣ್ಣ ಬುಟ್ಟಿಗಳಲ್ಲಿ ಬಸಿಯಲು ಇಟ್ಟರೆ ರಿಕೊಟ್ಟಾ ಸಿದ್ಧ. ಚೆಲ್ಲಿಹೋಗಬೇಕಾಗಿದ್ದ ನೀರಿನಿಂದ ಇನ್ನೊಂದು ಆಹಾರ ತೆಗೆಯುವ ಬಡವರ ಜಾಣತನ ಇದು. ಸಿಸಿಲಿಯಲ್ಲಿ ಬೇಸಿಗೆ ಒಣ, ಮಳೆ ಚಳಿಗಾಲಕ್ಕೆ. ಆದ್ದರಿಂದ ಚಳಿಗಾಲದಿಂದ ವಸಂತದವರೆಗೆ ಗುಡ್ಡಗಳಲ್ಲಿ ಹಸಿಹುಲ್ಲು, ಕುರಿಗಳಲ್ಲಿ ಒಳ್ಳೆಯ ಹಾಲು. ಒಳ್ಳೆಯ ರಿಕೊಟ್ಟಾ ಸಿಗುವ ಕಾಲವೂ ಅದೇ. ಕನ್ನೋಲಿ ಮೊದಲಿಗೆ ವರ್ಷಪೂರ್ತಿ ಸಿಗುವ ತಿಂಡಿಯಾಗಿರಲಿಲ್ಲ ಎಂಬುದಕ್ಕೆ ಮೂಲ ಕಾರಣ ಈ ಹುಲ್ಲು.

ಸಕ್ಕರೆ ಬಂದದ್ದು ಸಮುದ್ರ ದಾಟಿ. ಉತ್ತರ ಆಫ್ರಿಕಾದಿಂದ ಹೊರಟ ಅರಬ್ಬರ ಸೈನ್ಯ 827ರಲ್ಲಿ ಮಜಾರಾದಲ್ಲಿ ಇಳಿಯಿತು. 831ರಲ್ಲಿ ಪಲೆರ್ಮೊ ಅವರ ವಶವಾಗಿ ರಾಜಧಾನಿಯಾಯಿತು. ಕಾಲುವೆ ನೀರಾವರಿ, ನಿಂಬೆ ಮತ್ತು ಹುಳಿ ಕಿತ್ತಳೆಯ ತೋಟಗಳು, ಕಬ್ಬು ಇವೆಲ್ಲ ದ್ವೀಪದಲ್ಲಿ ನೆಲೆಯಾದದ್ದು ಅವರ ಆಳ್ವಿಕೆಯಲ್ಲಿ. 1072ರಲ್ಲಿ ಪಲೆರ್ಮೊ ನಾರ್ಮನ್ನರ ಕೈಗೆ ಹೋದರೂ ಹೊಸ ಅರಸರು ಗದ್ದೆ ತೋಟಗಳನ್ನು ಹಾಳುಮಾಡಲಿಲ್ಲ. ಚಕ್ರವರ್ತಿ ಎರಡನೆಯ ಫ್ರೆಡರಿಕ್ 1239ರಲ್ಲಿ ಸಕ್ಕರೆ ತಯಾರಿಸಲು ಬಲ್ಲವರನ್ನು ಹುಡುಕಿ ಪಲೆರ್ಮೊಗೆ ಕಳಿಸಬೇಕೆಂದು ಪತ್ರ ಬರೆಸಿದ್ದ. ಆ ಹೊತ್ತಿಗೆ ಕಸುಬು ಬಲ್ಲವರು ವಿರಳವಾಗಿದ್ದರು ಎಂಬುದು ಆ ಪತ್ರದಿಂದಲೇ ಗೊತ್ತಾಗುತ್ತದೆ. 15ನೇ ಶತಮಾನದಲ್ಲಿ ಪಲೆರ್ಮೊ ಸುತ್ತಲಿನ ಕಬ್ಬಿನ ಗಾಣಗಳು ಮತ್ತೆ ಚೇತರಿಸಿಕೊಂಡವು. ಮುಂದೆ ಮದೈರಾ ಮತ್ತು ಬ್ರೆಜಿಲ್‌ನ ಅಗ್ಗದ ಸಕ್ಕರೆ ಅವನ್ನು ಮುಚ್ಚಿಸಿತು. ಕಬ್ಬು ಹೋದರೂ ಸಿಹಿಯ ರುಚಿ ಹೋಗಲಿಲ್ಲ. ಕಿತ್ತಳೆ ಸಿಪ್ಪೆಯನ್ನು ಪಾಕದಲ್ಲಿ ಕುದಿಸಿಡುವುದು, ಬಾದಾಮಿಯನ್ನು ಸಕ್ಕರೆಯೊಂದಿಗೆ ಅರೆಯುವುದು, ರಿಕೊಟ್ಟಾವನ್ನು ಸಿಹಿ ಮಾಡುವುದು ಸಿಸಿಲಿಯ ಅಡುಗೆಯಲ್ಲಿ ಗಟ್ಟಿಯಾಗಿ ನಿಂತುಬಿಟ್ಟವು.

ಕನ್ನೋಲಿಯನ್ನು ಮೊದಲು ಮಾಡಿದವರು ಯಾರು ಎಂಬುದಕ್ಕೆ ಒಂದು ಜನಪ್ರಿಯ ಕಥೆಯಿದೆ. ದ್ವೀಪದ ನಡುವಿನ ಕಾಲ್ತಾನಿಸ್ಸೆತ್ತಾ ಊರಿನಲ್ಲಿ ಅರಬ್ ಅಮೀರನ ಅಂತಃಪುರದ ಹೆಂಗಸರು ಇದನ್ನು ಮಾಡಿದರಂತೆ. ಅದೇ ಊರಿನ ಹತ್ತಿರದ ಮಠವೊಂದರ ಕನ್ಯಾಸ್ತ್ರೀಯರು ಕಾರ್ನಿವಲ್‌ಗಾಗಿ ಮಾಡಿದರು ಎಂಬುದು ಅದರ ಇನ್ನೊಂದು ರೂಪ. ಅಂತಃಪುರದ ಕಥೆಗೆ ದಾಖಲೆಯಿಲ್ಲ. ಈಗ ತಿಳಿದಿರುವ ರೂಪದಲ್ಲಿ ಕಣಕಕ್ಕೆ ಹಂದಿಕೊಬ್ಬು ಮತ್ತು ದ್ರಾಕ್ಷಾರಸದ ವೈನ್ ಎರಡೂ ಬೇಕು, ಕರಿಯುವುದೂ ಹಂದಿಕೊಬ್ಬಿನಲ್ಲೇ. ಮುಸ್ಲಿಂ ಅಡುಗೆಮನೆಯಲ್ಲಿ ಇವು ಒಟ್ಟಿಗೆ ಸೇರುವುದು ಕಷ್ಟ. ಸಕ್ಕರೆ ಅರಬ್ಬರದು, ಕವಚ ಕ್ರೈಸ್ತರದು ಎಂದು ತಿಳಿಯುವುದೇ ಹೆಚ್ಚು ನ್ಯಾಯ.

ಕಾರ್ನಿವಲ್ ಜೊತೆಗಿನ ನಂಟು ಮಾತ್ರ ಗಟ್ಟಿಯಾದದ್ದು. ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸುಕಾಲದಲ್ಲಿ ಮಾಂಸ, ಕೊಬ್ಬು, ಮೊಟ್ಟೆ, ಹಾಲಿನ ಪದಾರ್ಥಗಳಿಗೆ ಹಿಂದೆ ಕಟ್ಟುನಿಟ್ಟಿನ ನಿಷೇಧವಿತ್ತು. ಅದಕ್ಕೆ ಮುಂಚಿನ ಕಾರ್ನಿವಲ್ ದಿನಗಳಲ್ಲಿ ಮನೆಯಲ್ಲಿದ್ದ ಕೊಬ್ಬನ್ನು ಖರ್ಚು ಮಾಡಿ ಮುಗಿಸುವುದು ವಾಡಿಕೆ. ಕರಿದ ತಿಂಡಿಗಳು ಇಟಲಿಯುದ್ದಕ್ಕೂ ಕಾರ್ನಿವಲ್‌ನ ಗುರುತಾದದ್ದು ಹೀಗೆ. ಅದೇ ಹೊತ್ತಿಗೆ ಕುರಿಗಾಹಿಗಳಿಂದ ತಾಜಾ ರಿಕೊಟ್ಟಾ ಬರುತ್ತಿದ್ದರಿಂದ ಸಿಸಿಲಿಯ ಬಾಣಲೆಗೆ ಕನ್ನೋಲಿ ಬಿತ್ತು.

ಈ ತಿಂಡಿಗಳು ಕಲೆಯ ಮಟ್ಟಕ್ಕೇರಿದ್ದು ಮಠಗಳಲ್ಲಿ. ಸಿರಿವಂತ ಮನೆತನಗಳು ಎಲ್ಲ ಹೆಣ್ಣುಮಕ್ಕಳಿಗೂ ಮದುವೆಯ ವರದಕ್ಷಿಣೆ ಹೊಂದಿಸಲಾರದೆ ಕೆಲವರನ್ನು ಮಠಕ್ಕೆ ಸೇರಿಸುತ್ತಿದ್ದವು. ಮಠಕ್ಕೂ ವರದಕ್ಷಿಣೆ ಕೊಡಬೇಕಿತ್ತು, ಆದರೆ ಅದು ಕಡಿಮೆ. 1563ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆ ಕನ್ಯಾಸ್ತ್ರೀಯರ ಏಕಾಂತವಾಸವನ್ನು ಬಿಗಿಗೊಳಿಸಿತು. ಒಳಗೆ ಹೋದವರು ಹೊರಗೆ ಬರುವಂತಿಲ್ಲ. ಹೊತ್ತು, ಕೈಗೆಲಸದ ಅಭ್ಯಾಸ, ಜಮೀನಿನಿಂದ ಬರುವ ಗೋಧಿ, ಬಾದಾಮಿ, ಹಾಲು ಎಲ್ಲವೂ ಮಠದಲ್ಲಿದ್ದವು. ಹಬ್ಬಗಳಿಗೆ ಬಿಷಪ್ಪರಿಗೂ ದಾನಿಗಳಿಗೂ ತವರಿಗೂ ಕಳಿಸಲೆಂದು ಆರಂಭವಾದ ಸಿಹಿ ತಯಾರಿ ಕ್ರಮೇಣ ಮಠಗಳ ಆದಾಯವಾಯಿತು. ಬೇರೆ ಬೇರೆ ಮಠಗಳು ಬೇರೆ ಬೇರೆ ತಿಂಡಿಗಳಿಗೆ ಹೆಸರಾದವು. ಪಲೆರ್ಮೊದ ಮಾರ್ತೊರಾನಾ ಮಠದ ಹೆಸರನ್ನು ಬಾದಾಮಿ ಹಿಟ್ಟಿನಿಂದ ಮಾಡಿ ಬಣ್ಣ ಬಳಿದ ಹಣ್ಣುಗಳು ಇಂದಿಗೂ ಹೊತ್ತಿವೆ.

ವ್ಯಾಪಾರ ನಡೆಯುತ್ತಿದ್ದ ಬಗೆ ನೆನಪಿಡುವಂಥದ್ದು. ಮಠದ ಹೊರಗೋಡೆಯಲ್ಲಿ ನೆಟ್ಟಗೆ ನಿಲ್ಲಿಸಿದ ಮರದ ಪೀಪಾಯಿಯಂಥ ತಿರುಗುಗೂಡು ಇರುತ್ತಿತ್ತು. ಅದರ ಒಂದು ಪಕ್ಕ ಮಾತ್ರ ತೆರೆದಿರುತ್ತಿತ್ತು. ಕೊಳ್ಳುವವರು ಗಂಟೆ ಬಾರಿಸಿ, ಬೇಕಾದದ್ದನ್ನು ಹೇಳಿ, ಹಣವನ್ನು ಗೂಡಿನಲ್ಲಿಟ್ಟು ತಿರುಗಿಸಬೇಕು. ಸ್ವಲ್ಪ ಹೊತ್ತಿಗೆ ಗೂಡು ಮತ್ತೆ ತಿರುಗಿ ಸಿಹಿಯ ಪೊಟ್ಟಣ ಹೊರಗೆ ಬರುತ್ತಿತ್ತು. ಮಾಡಿದವರ ಮುಖ ತಿಂದವರಿಗೆ, ತಿಂದವರ ಮುಖ ಮಾಡಿದವರಿಗೆ ಕಾಣುತ್ತಿರಲಿಲ್ಲ. ಪಾಕದ ಗುಟ್ಟನ್ನೂ ಮಠಗಳು ಹೀಗೇ ಗೋಡೆಯೊಳಗೆ ಕಾದುಕೊಂಡವು.

ಈ ವ್ಯವಸ್ಥೆಗೆ ಪೆಟ್ಟು ಕೊಟ್ಟದ್ದು ಇಟಲಿಯ ಏಕೀಕರಣ. ಹೊಸ ರಾಷ್ಟ್ರ 1866ರ ಜುಲೈ 7ರ ಕಾನೂನಿನಿಂದ ಧಾರ್ಮಿಕ ಸಂಘಗಳ ಮಾನ್ಯತೆ ರದ್ದುಮಾಡಿತು; ಅವುಗಳ ಆಸ್ತಿ ಸರ್ಕಾರದ ಪಾಲಾಯಿತು. ಇದ್ದ ಕನ್ಯಾಸ್ತ್ರೀಯರಲ್ಲಿ ಹಲವರು ಮಠಗಳಲ್ಲೇ ಮುದುಕರಾದರು, ಜಮೀನಿನ ವರಮಾನ ನಿಂತ ಮೇಲೆ ಹೊಟ್ಟೆಪಾಡಿಗೆ ಸಿಹಿತಿಂಡಿಯನ್ನೇ ನೆಚ್ಚಿಕೊಂಡವರೂ ಇದ್ದರು. ಅತ್ತ ಪಟ್ಟಣಗಳಲ್ಲಿ ಮಿಠಾಯಿ ಅಂಗಡಿಗಳು ತಲೆಯೆತ್ತುತ್ತಿದ್ದವು. ಸ್ವಿಟ್ಜರ್ಲೆಂಡಿನ ಬೆಟ್ಟಸೀಮೆಯಿಂದ ವಲಸೆ ಬಂದ ಮಿಠಾಯಿಗಾರರ ಮನೆತನಗಳು ಪಲೆರ್ಮೊ, ಕತಾನಿಯಾಗಳಲ್ಲಿ ಅಂಗಡಿಯಿಟ್ಟು ಮೇಜು, ಕನ್ನಡಿ, ಗಾಜಿನ ಕಪಾಟುಗಳ ಹೊಸ ಶೈಲಿ ತಂದವು. ಮಠದ ತಿಂಡಿಗಳು ಒಂದೊಂದಾಗಿ ಆ ಕಪಾಟುಗಳನ್ನು ಸೇರಿದವು.

ನೇಪಲ್ಸಿನಲ್ಲೂ ಇದೇ ದಾರಿ ಕಾಣುತ್ತದೆ. ಪದರಪದರವಾದ ಕವಚದೊಳಗೆ ರವೆ, ರಿಕೊಟ್ಟಾ, ಪಾಕದ ಹಣ್ಣು ತುಂಬಿ ಬೇಯಿಸುವ ಸ್ಫೋಲ್ಯಾತೆಲ್ಲಾ ಅಮಾಲ್ಫಿ ಕರಾವಳಿಯ ಕೊಂಕಾ ದೇಯಿ ಮರೀನಿಯ ಸಾಂತಾ ರೋಜಾ ಮಠದಲ್ಲಿ ಹುಟ್ಟಿತೆಂದು ಪ್ರತೀತಿ. 1818ರ ಸುಮಾರಿಗೆ ಪಾಸ್ಕ್ವಾಲೆ ಪಿಂತಾವ್ರೊ ಅದನ್ನು ನೇಪಲ್ಸಿನ ತೊಲೇದೊ ಬೀದಿಯ ತನ್ನ ಅಂಗಡಿಯಲ್ಲಿ ಮಾರತೊಡಗಿದ.

ಮಠದ ವಿದ್ಯೆ ಜನಸಾಮಾನ್ಯರ ಕೈಗೆ ಬಂದ ಬಗೆಯನ್ನು ಎರಿಚೆ ಊರಿನ ಮರಿಯಾ ಗ್ರಮ್ಮಾತಿಕೊ ಅವರ ಬದುಕು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಎರಡನೆಯ ಮಹಾಯುದ್ಧದ ನಂತರದ ಬಡತನದಲ್ಲಿ ಬಾಲಕಿಯಾಗಿದ್ದಾಗಲೇ ಅವರನ್ನು ಸಾನ್ ಕಾರ್ಲೊ ಮಠದ ಅನಾಥಾಲಯಕ್ಕೆ ಸೇರಿಸಲಾಯಿತು. ಅಲ್ಲಿ ಮಕ್ಕಳ ದಿನ ಬಾದಾಮಿ ಸುಲಿಯುವುದರಲ್ಲಿ, ಕುಟ್ಟುವುದರಲ್ಲಿ ಕಳೆಯುತ್ತಿತ್ತು. ಪಾಕವನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ನೋಡಿ ನೋಡಿ ಕಲಿತದ್ದು. ಮಠ ಬಿಟ್ಟು ಬಂದ ಮೇಲೆ ಆ ಕಲಿಕೆಯನ್ನೇ ಬಂಡವಾಳವಾಗಿಸಿ ಅವರು ಎರಿಚೆಯಲ್ಲಿ ಅಂಗಡಿ ತೆರೆದರು. ಲೇಖಕಿ ಮೇರಿ ಟೇಲರ್ ಸಿಮೆತಿ ಅವರೊಂದಿಗೆ ಸೇರಿ 1994ರಲ್ಲಿ ತಂದ ಪುಸ್ತಕದಿಂದ ಆ ಪಾಕಗಳು ಹೊರಜಗತ್ತಿಗೂ ತಿಳಿದವು. ಹಸಿವಿನ ಬಾಲ್ಯವೊಂದು ಇಷ್ಟು ದೊಡ್ಡ ಪರಂಪರೆಯನ್ನು ಹೊತ್ತು ತಂದದ್ದು ಗೌರವದಿಂದ ನೆನೆಯಬೇಕಾದ ಸಂಗತಿ.

ಮನೆಗಳಲ್ಲಿ ಹೂರಣದ ತಿಂಡಿಗಳು ಹಬ್ಬಗಳನ್ನು ಹಿಡಿದು ನಡೆದವು. ಕ್ರಿಸ್‌ಮಸ್‌ಗೆ ಒಣ ಅಂಜೂರ, ಬಾದಾಮಿ, ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ ತುಂಬಿದ ಬುಚೆಲ್ಲಾತಿ. ಮಾರ್ಚ್ 19ರ ಸಂತ ಜೋಸೆಫರ ದಿನಕ್ಕೆ ರಿಕೊಟ್ಟಾ ಹಚ್ಚಿದ ಸ್ಫಿಂಚೆ. ಈಸ್ಟರ್‌ ಸುತ್ತಮುತ್ತ ತ್ರಾಪಾನಿ ಸೀಮೆಯಲ್ಲಿ ಕಸಾತೆಲ್ಲೆ. ಈ ಕೊನೆಯದು ಅರ್ಧಚಂದ್ರಾಕಾರದಲ್ಲಿ ಮಡಚಿ ಅಂಚು ಒತ್ತಿ ಕರಿದದ್ದು. ನೋಟಕ್ಕೆ ನಮ್ಮ ಕರ್ಜಿಕಾಯಿಯೇ. ಮನೆಯಲ್ಲಿ ಕೈ ಪಳಗಿಸಿಕೊಳ್ಳುವವರಿಗೆ ಕನ್ನೋಲಿಗಿಂತ ಇದು ಸುಲಭ.

ಕನ್ನೋಲಿಯ ಕಣಕಕ್ಕೆ ನಯವಾದ ಗೋಧಿಹಿಟ್ಟು, ಸ್ವಲ್ಪ ಸಕ್ಕರೆ, ಹಂದಿಕೊಬ್ಬು, ಬಣ್ಣಕ್ಕೆ ಚಿಟಿಕೆ ಕೋಕೋ ಅಥವಾ ಪರಿಮಳಕ್ಕೆ ದಾಲ್ಚಿನ್ನಿ, ಕಲಸಲು ಮಾರ್ಸಾಲಾ ವೈನ್. ಮಾರ್ಸಾಲಾ ಈ ಸಾಲಿಗೆ ತಡವಾಗಿ ಸೇರಿದ್ದು: ಲಿವರ್‌ಪೂಲಿನ ವ್ಯಾಪಾರಿ ಜಾನ್ ವುಡ್‌ಹೌಸ್ 1773ರಲ್ಲಿ ಅದನ್ನು ಇಂಗ್ಲೆಂಡಿಗೆ ರವಾನಿಸಿದ ಮೇಲೆಯೇ ಅದು ಹೆಸರಾದದ್ದು. ಯಾವುದೇ ವೈನ್ ಅಥವಾ ವಿನೆಗರ್‌ನಿಂದಲೂ ಕೆಲಸ ಆಗುತ್ತದೆ. ಅದರ ಹುಳಿ ಕಣಕದ ಜಿಗುಟನ್ನು ಸಡಿಲಿಸುತ್ತದೆ. ಕಾದ ಕೊಬ್ಬಿನಲ್ಲಿ ತೇವ ತಟ್ಟನೆ ಆವಿಯಾದಾಗ ಕವಚದ ಮೈತುಂಬ ಗುಳ್ಳೆಗಳೇಳುತ್ತವೆ. ಒಳ್ಳೆಯ ಕನ್ನೋಲಿಯನ್ನು ಸಿಸಿಲಿಯವರು ಮೊದಲು ಗುರುತಿಸುವುದು ಈ ಗುಳ್ಳೆಗಳಿಂದ. ಕಣಕವನ್ನು ಗಟ್ಟಿಯಾಗಿ ನಾದಿ, ಮುಚ್ಚಿ, ಕನಿಷ್ಠ ಒಂದು ಗಂಟೆ ಬಿಡಬೇಕು. ಆಮೇಲೆ ಆದಷ್ಟು ತೆಳ್ಳಗೆ ಲಟ್ಟಿಸಿ ಸುಮಾರು 10 ಸೆಂಟಿಮೀಟರ್ ಅಗಲದ ಬಿಲ್ಲೆಗಳಾಗಿ ಕತ್ತರಿಸಿ ನಳಿಗೆಗೆ ಸಡಿಲವಾಗಿ ಸುತ್ತಿ, ಅಂಚು ಕೂಡುವಲ್ಲಿ ಮೊಟ್ಟೆಯ ಬಿಳಿ ಸವರಿ ಒತ್ತಬೇಕು. ಮೊಟ್ಟೆಯ ಬಿಳಿಯು ನಳಿಗೆಗೆ ತಾಗಿದರೆ ಕವಚ ಅಂಟಿಕೊಂಡು ಬಿಡಿಸುವಾಗ ಮುರಿಯುತ್ತದೆ. 170ರಿಂದ 180 ಡಿಗ್ರಿ ಕಾವಿನಲ್ಲಿ ಒಂದೆರಡು ನಿಮಿಷ ಸಾಕು.

ಹಿಂದೆ ನಳಿಗೆ ಎಂದರೆ ನದೀತೀರದಲ್ಲಿ ಬೆಳೆಯುವ ದಪ್ಪ ಜೊಂಡಿನ ತುಂಡು. ತಿಂಡಿಗೆ ಹೆಸರು ಬಂದದ್ದೂ ಆ ಜೊಂಡಿನಿಂದಲೇ. ಒಣಗಿಸಿ ನುಣುಪು ಮಾಡಿದ ತುಂಡುಗಳು ವರ್ಷ ವರ್ಷ ಕೊಬ್ಬು ಕುಡಿದು ಕಪ್ಪಾಗಿ, ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತಿದ್ದವು. ಈಗ ತಗಡಿನ, ಉಕ್ಕಿನ ಕೊಳವೆಗಳು ಎಲ್ಲೆಡೆ ಸಿಗುತ್ತವೆ.

ಹೂರಣದಲ್ಲಿ ಎಡವುವವರೇ ಹೆಚ್ಚು. ರಿಕೊಟ್ಟಾವನ್ನು ಬಟ್ಟೆಯಲ್ಲಿ ಕಟ್ಟಿ ಒಂದು ರಾತ್ರಿಯಾದರೂ ಬಸಿಯಬೇಕು. ಆಮೇಲೆ ಸಕ್ಕರೆ ಬೆರೆಸಿ ತಣ್ಣಗೆ ಬಿಟ್ಟು, ಜರಡಿಯಲ್ಲಿ ಒತ್ತಿ ನುಣ್ಣಗೆ ಮಾಡಬೇಕು. ಯಂತ್ರದಲ್ಲಿ ಕಡೆದರೆ ನೀರಾಗುತ್ತದೆ.

ಊರಿಂದೂರಿಗೆ ಅಲಂಕಾರ ಬೇರೆ. ಪಲೆರ್ಮೊದಲ್ಲಿ ಎರಡೂ ತುದಿಗೆ ಪಾಕದ ಕಿತ್ತಳೆ ಸಿಪ್ಪೆ. ಕತಾನಿಯಾ ಕಡೆ ಪುಡಿಮಾಡಿದ ಪಿಸ್ತಾ. ಪಿಸ್ತಾಕ್ಕೆ ಹೆಸರಾದದ್ದು ಎಟ್ನಾ ಜ್ವಾಲಾಮುಖಿಯ ಬುಡದ ಬ್ರಾಂಟೆ. ಅಲ್ಲಿ ಎರಡು ವರ್ಷಕ್ಕೊಮ್ಮೆ ಮಾತ್ರ ಕೊಯ್ಲು. ಅಲ್ಬೇನಿಯಾದಿಂದ ಬಂದ ನಿರಾಶ್ರಿತರು 1488ರಲ್ಲಿ ಕಟ್ಟಿದ ಪಿಯಾನಾ ದೆಗ್ಲಿ ಅಲ್ಬನೇಸಿ ದೊಡ್ಡ ಗಾತ್ರದ ಕನ್ನೋಲಿಗೆ ಪ್ರಸಿದ್ಧ. ಪಲೆರ್ಮೊದವರು ಅದಕ್ಕಾಗಿಯೇ ಬೆಟ್ಟ ಹತ್ತಿ ಹೋಗುತ್ತಾರೆ.

1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ಹೋದರು, ಬಹುಪಾಲು ದಕ್ಷಿಣದವರು. ನ್ಯೂಯಾರ್ಕಿನಲ್ಲಿ 1892ರಲ್ಲೇ ಆರಂಭವಾದ ಫೆರಾರಾದಂಥ ಅಂಗಡಿಗಳಲ್ಲಿ ಕನ್ನೋಲಿ ವರ್ಷಪೂರ್ತಿಯ ತಿಂಡಿಯಾಯಿತು. ಕುರಿಹಾಲು ಸಿಗದೆ ಹಸುವಿನ ಹಾಲಿನ ರಿಕೊಟ್ಟಾ ಬಂತು, ಅದರ ಸಪ್ಪೆ ಮುಚ್ಚಲು ಚಾಕೊಲೇಟ್ ಚೂರುಗಳೂ ಮಸ್ಕರ್ಪೋನೆ ಎಂಬ ಕೆನೆ ಚೀಸೂ ಬಂದವು. 1972ರ ‘ದಿ ಗಾಡ್‌ಫಾದರ್’ ಚಿತ್ರ ಅದನ್ನು ಜಗತ್ತಿಗೆಲ್ಲ ಪರಿಚಯಿಸಿತು.

ಪಲೆರ್ಮೊದ ಸಾಂತಾ ಕತೆರೀನಾ ಮಠದ ಕೊನೆಯ ಕನ್ಯಾಸ್ತ್ರೀಯರು 2014ರಲ್ಲಿ ಹೊರಟುಹೋದರು. 2017ರಲ್ಲಿ ಅದೇ ಕಟ್ಟಡದಲ್ಲಿ, ನಗರದ ಮಠಗಳ ಪಾಕಗಳನ್ನು ಹುಡುಕಿ ಒಟ್ಟುಗೂಡಿಸಿ ಮಾಡುವ ಸಿಹಿ ಅಂಗಡಿ ತೆರೆಯಿತು. ಅಲ್ಲಿ ಕನ್ನೋಲಿಗೆ ರಿಕೊಟ್ಟಾ ತುಂಬುವುದು ಕೇಳಿದ ಮೇಲೆಯೇ. ಮನೆಯಲ್ಲಿ ಮಾಡುವವರೂ ಈ ಒಂದು ನಿಯಮವನ್ನು ಮೀರಬಾರದು: ಕರಿದ ಕವಚ ಡಬ್ಬಿಯಲ್ಲಿ ದಿನಗಟ್ಟಲೆ ಕೆಡದೆ ಇರುತ್ತದೆ, ಹೂರಣ ತುಂಬಿದ ಮೇಲೆ ಗಂಟೆಯೊಳಗೇ ಮೆತ್ತಗಾಗುತ್ತದೆ, ಆದ್ದರಿಂದ ತಟ್ಟೆಗೆ ಹಾಕುವ ಹೊತ್ತಿಗಷ್ಟೇ ತುಂಬಬೇಕು.