ಆಟ ಸಿಕ್ಕಿತು, ಅದರ ಮಗ್ಗ ಎಲ್ಲಿ? ಒಂದು ಹಳೆ ಫ್ಲಾಪಿಯ ಕಥೆ

ಇವತ್ತು ಒಬ್ಬ ರಾಜಕುಮಾರನ ಕಥೆ ಹೇಳ್ತೀನಿ. ಜಮಖಂಡಿ ಸಂಸ್ಥಾನದವನಲ್ಲ, ಮುಧೋಳದ ಘೋರ್ಪಡೆ ಮನೆತನದವನೂ ಅಲ್ಲ. ಕಂಪ್ಯೂಟರ್ ಆಟದೊಳಗಿನವನು. ಹೆಸರು ಪ್ರಿನ್ಸ್ ಆಫ್ ಪರ್ಷಿಯಾ.

2001ರ ಬೇಸಿಗೆ. ನಾನು ಬನಹಟ್ಟಿಯಿಂದ ದಿನಾ ಬಸ್ ಹತ್ತಿ ಜಮಖಂಡಿಗೆ ಕಂಪ್ಯೂಟರ್ ಕ್ಲಾಸಿಗೆ ಹೋಗ್ತಿದ್ದೆ. ಸರ್ ಊಟಕ್ಕೆ ಹೋದ್ರೆ ಸಾಕು, ನಮ್ಮ ರಾಜಕುಮಾರ ಎದ್ದು ಓಡ್ತಿದ್ದ. ನೆಲಮಾಳಿಗೆಯ ಜೈಲಿನಿಂದ ತಪ್ಪಿಸಿಕೊಂಡು, 12 ಹಂತ ದಾಟಿ, 60 ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ನಾನು ಒಮ್ಮೆಯೂ ಬಿಡಿಸಲಿಲ್ಲ. ಒಂದೋ ನೆಲದಿಂದ ಮುಳ್ಳು ಎದ್ದು ಬರ್ತಿತ್ತು, ಇಲ್ಲ ಕರೆಂಟ್ ಹೋಗ್ತಿತ್ತು. ಕ್ಲಾಸ್ ಮುಗಿಯುವ ದಿನ ಆಟವನ್ನು ಒಂದು ಫ್ಲಾಪಿಗೆ ಹಾಕಿಕೊಂಡು ಬಂದೆ. ಆ ಫ್ಲಾಪಿಯಲ್ಲಿ ಹಿಡಿಸೋದೇ 1.44 ಎಂಬಿ. ಇವತ್ತು ನಿಮ್ಮ ಫೋನಿನ ಒಂದು ಫೋಟೊ ಕೂಡ ಅದರಲ್ಲಿ ಕೂರೋದು ಕಷ್ಟ.

ಮೊನ್ನೆ ಬೀಳಗಿಯಿಂದ ಅಕ್ಕನ ಮಗ ರಜೆಗೆ ಬಂದಿದ್ದ. ಅಟ್ಟ ಸ್ವಚ್ಛ ಮಾಡುವಾಗ ಫ್ಲಾಪಿ ಅವನ ಕೈಗೇ ಸಿಕ್ಕಿತು. "ಮಾಮಾ, ಇದನ್ನ ಆಡೂಣು ನಡಿ" ಅಂದ. ಮುಧೋಳದಲ್ಲಿ ರಿಪೇರಿ ಅಂಗಡಿ ಇಟ್ಟ ಗೆಳೆಯನ ಹತ್ತಿರ ಯುಎಸ್‌ಬಿ ಫ್ಲಾಪಿ ಡ್ರೈವ್ ಇತ್ತು. ನಾಲ್ಕನೇ ಸಲಕ್ಕೆ ಅದು ಓದಿತು. ಫೈಲುಗಳನ್ನು ಲ್ಯಾಪ್‌ಟಾಪಿಗೆ ಹಾಕಿ ಕ್ಲಿಕ್ ಮಾಡಿದ್ರೆ, ಈ ಕಂಪ್ಯೂಟರಿನಲ್ಲಿ ಇದು ನಡೆಯೋದಿಲ್ಲ ಅಂತ ಸಂದೇಶ ಬಂತು.

ಫೈಲು ಕೆಟ್ಟಿರಲಿಲ್ಲ. ಮತ್ತೆ ಯಾಕೆ ನಡೀಲಿಲ್ಲ? ಇದನ್ನ ನಮ್ಮ ಊರಿನವರಿಗೆ ಹೇಳೋದು ಬಹಳ ಸುಲಭ.

ಜಕಾರ್ಡ್ ಮಗ್ಗದ ಮೇಲೆ ರಟ್ಟಿನ ಕಾರ್ಡುಗಳ ಮಾಲೆ ನೋಡಿರ್ತೀರಿ. ತೂತು ಇದ್ದಲ್ಲಿ ಕೊಕ್ಕೆ ಹಾಸಿನ ಎಳೆಯನ್ನು ಎತ್ತುತ್ತದೆ, ತೂತು ಇಲ್ಲದಲ್ಲಿ ಬಿಡುತ್ತದೆ. ಸೀರೆಯ ಸೆರಗಿನ ಹೂವು ಹುಟ್ಟೋದು ಹಾಗೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ಇದನ್ನು ತೋರಿಸಿದ್ದು 1804ರಲ್ಲಿ. ಅದನ್ನೇ ನೋಡಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರಕ್ಕೂ ಕಾರ್ಡು ಬಳಸುವ ಯೋಜನೆ ಹಾಕಿದ. ಅಂದ್ರೆ ಕಂಪ್ಯೂಟರ್ ಪ್ರೋಗ್ರಾಮಿನ ಹಿರೀಕ ಮಗ್ಗದ ಮನೆಯಲ್ಲೇ ಇದ್ದಾನೆ. ಈಗ ಯೋಚನೆ ಮಾಡಿ: 120 ಕೊಕ್ಕೆಯ ಜಕಾರ್ಡಿಗೆ ಹೊಡೆದ ರಟ್ಟನ್ನು 240 ಕೊಕ್ಕೆಯದಕ್ಕೆ ಹಾಕಿದ್ರೆ ಹೂವು ಬರ್ತದೇನು? ರಟ್ಟು ಸರಿಯಾಗೇ ಇದೆ. ಅದನ್ನು ಓದುವ ಮಗ್ಗ ಬೇರೆ ಆಗಿದೆ, ಅಷ್ಟೇ.

ನಮ್ಮ ಆಟದ್ದೂ ಅದೇ ಕಥೆ. ಅದು 16 ಬಿಟ್ಟಿನ ಡಾಸ್ ಪ್ರೋಗ್ರಾಮು. ವಿಂಡೋಸ್ 98ರ ಕೆಳಗೆ ಇನ್ನೂ ಡಾಸ್ ಇತ್ತು, ಹಾಗಾಗಿ ಜಮಖಂಡಿಯ ಕ್ಲಾಸಿನಲ್ಲಿ ನಡೀತು. 64 ಬಿಟ್ಟಿನ ವಿಂಡೋಸ್ ಬಂದ ಮೇಲೆ ಆ ಬಾಗಿಲು ಮುಚ್ಚಿತು. ವಿಂಡೋಸ್ 11 ಅಂತೂ 64 ಬಿಟ್ಟಿನಲ್ಲಿ ಮಾತ್ರ ಬರ್ತದೆ.

ಇದಕ್ಕೆ ದಾರಿ ಹುಡುಕಿದವರು ಆಟ ಆಡುವ ಜನರೇ. 2002ರಲ್ಲಿ ಡಾಸ್‌ಬಾಕ್ಸ್ ಅನ್ನೋ ಉಚಿತ ಸಾಫ್ಟ್‌ವೇರ್ ಬಂತು. ಅದು ಆಟವನ್ನು ತಿದ್ದೋದಿಲ್ಲ. ಹೊಸ ಕಂಪ್ಯೂಟರಿನೊಳಗೆ ಒಂದು ಹಳೆ ಕಂಪ್ಯೂಟರಿನ ವೇಷ ಹಾಕಿ ಕೂರುತ್ತದೆ. ಹಳೆ ಪ್ರೊಸೆಸರು, ಹಳೆ ಸೌಂಡ್ ಕಾರ್ಡು, ಹಳೆ ಪರದೆ ಎಲ್ಲವನ್ನೂ ನಟಿಸುತ್ತದೆ. ಅಂದಿನ ಎಷ್ಟೋ ಆಟಗಳು ಪ್ರೊಸೆಸರಿನ ವೇಗಕ್ಕೇ ತಾಳ ಹಾಕ್ತಿದ್ದವು, ಇಂದಿನ ವೇಗಕ್ಕೆ ಬಿಟ್ರೆ ಕಣ್ಣಿಗೂ ಸಿಗೋದಿಲ್ಲ. ಅದಕ್ಕೇ ಡಾಸ್‌ಬಾಕ್ಸಿನಲ್ಲಿ ಕಂಟ್ರೋಲ್ ಜೊತೆ ಎಫ್11 ಒತ್ತಿದ್ರೆ ವೇಗ ಇಳಿಯುತ್ತದೆ, ಎಫ್12 ಒತ್ತಿದ್ರೆ ಏರುತ್ತದೆ. ಮೌಂಟ್ ಅನ್ನೋ ಆದೇಶ ಕೊಟ್ಟು ಫೋಲ್ಡರ್ ತೋರಿಸಿದೆ. ರಾಜಕುಮಾರ ಎದ್ದು ನಿಂತ.

ಹುಡುಗ ಹತ್ತು ನಿಮಿಷ ಆಡಿ ಕೇಳಿದ: "ಮಾಮಾ, ಇದು ಬ್ರೌಸರಿನಾಗ ಸಿಗ್ತೈತಲ್ಲ. ಮುಧೋಳಕ್ಕ ಯಾಕ ಹೋಗಿದ್ವಿ?"

ಖರೇ ಮಾತು. ಇಂಟರ್ನೆಟ್ ಆರ್ಕೈವ್ 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವಂತೆ ಇಟ್ಟಿತು. ಆಟ ಉಳಿದಿದೆ. ಆದ್ರೆ ಅದು ಹೇಗೆ ತಯಾರಾಯಿತು ಅನ್ನೋದು ಕಳೆದೇ ಹೋಗ್ತಿತ್ತು. ಜೋರ್ಡಾನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೊ ತೆಗೆದು, ಆ ಚಲನೆಯನ್ನು ನೋಡಿ ರಾಜಕುಮಾರನನ್ನು ಬರೆದ. ಆಪಲ್ 2 ಕಂಪ್ಯೂಟರಿಗೆ ಆಟ ಬಂದಿದ್ದು 1989ರಲ್ಲಿ. ಅದರ ಮೂಲ ಕೋಡ್ ವರ್ಷಗಟ್ಟಲೆ ಪತ್ತೆ ಇರಲಿಲ್ಲ. 2012ರಲ್ಲಿ ಅವನ ತಂದೆಗೆ ಹಳೆ ಪೆಟ್ಟಿಗೆಯೊಂದರಲ್ಲಿ ಆ ಫ್ಲಾಪಿಗಳು ಸಿಕ್ಕವು. ಓದೋದಕ್ಕೆ ಹಳೆ ಯಂತ್ರ ಬಲ್ಲವರೇ ಬೇಕಾಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಕೋಡ್ ಎಲ್ಲರಿಗೂ ತೆರೆಯಿತು.

ಇನ್ನು ನನ್ನ ಫ್ಲಾಪಿಗೆ ಬರೋಣ. ಅದರಲ್ಲಿ ಇನ್ನೊಂದು ಫೈಲ್ ಇತ್ತು. ಆ ಬೇಸಿಗೆಯಲ್ಲಿ ಕನ್ನಡ ಟೈಪಿಂಗ್ ಕಲಿಯೋದಕ್ಕೆ ಅಂತ ನಮ್ಮ ಅವ್ವನ ಬಾಯಿಂದ ಕೇಳಿ ಬೀಸುಕಲ್ಲಿನ ಪದಗಳನ್ನು ಟೈಪ್ ಮಾಡಿದ್ದೆ. ಈಗ ತೆರೆದ್ರೆ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಗೀಟು, ಚುಕ್ಕಿ. ಒಂದು ಪದ ಓದೋದಕ್ಕೆ ಬರಲಿಲ್ಲ.

ಅಂದಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸ್ತಿದ್ದವು. ಫಾಂಟ್ ಇದ್ರೆ ಕನ್ನಡ, ಇಲ್ಲದಿದ್ರೆ ಕಲಸುಮೇಲೋಗರ. ಯುನಿಕೋಡಿನಲ್ಲಿ ಹಾಗಲ್ಲ, ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. 'ಕ' ಅಂದ್ರೆ 3221, ಯಾವ ಫೋನಿನಲ್ಲಾದರೂ ಅಷ್ಟೇ. ಹಳೆಯದನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಒಂದಕ್ಕೆ ಫೈಲ್ ಹಾಕಿದೆ. ಮುಕ್ಕಾಲು ಪಾಲು ಬಂತು. ಒತ್ತಕ್ಷರಗಳು ಜಾಗ ಬಿಟ್ಟಿದ್ದವು, ಕೂತು ತಿದ್ದಿದೆ. ಒಂದು ಸಾಲಿನಲ್ಲಿ ಎರಡು ಶಬ್ದ ಮಾತ್ರ ಈಗಲೂ ಖಾಲಿ. ಕೇಳೋಣ ಅಂದ್ರೆ ಅವ್ವ ಇಲ್ಲ.

ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇದೇ. ರಾಜಕುಮಾರನನ್ನು ಉಳಿಸೋದಕ್ಕೆ ಜಗತ್ತೆಲ್ಲ ಜನ ಇದ್ದಾರೆ. ನಮ್ಮ ಅವ್ವನ ಪದ ಆ ಒಂದು ಫ್ಲಾಪಿ ಬಿಟ್ರೆ ಎಲ್ಲೂ ಇರಲಿಲ್ಲ.

ನಿಮ್ಮ ಫೋನಿನಲ್ಲೂ ಅಜ್ಜಿಯ ಧ್ವನಿ ಇರಬಹುದು, ಅಪ್ಪ ಹಾಕಿದ ಸೀರೆಯ ಡಿಸೈನ್ ಇರಬಹುದು. ಎರಡು ಕಡೆ ಕಾಪಿ ಇಡ್ರಿ. ಜೊತೆಗೆ ನಾಲ್ಕು ಸಾಲು ಬರೆದಿಡ್ರಿ: ಇದು ಯಾರದು, ಯಾವ ವರ್ಷದ್ದು, ಯಾವ ಆ್ಯಪ್‌ನಲ್ಲಿ ಮಾಡಿದ್ದು. ರಟ್ಟಿನ ಜೊತೆ ಮಗ್ಗದ ಗುರುತೂ ಇದ್ರೆ, ಮುಂದೆ ಯಾರಾದರೂ ನೇಯಬಹುದು. ಮನೆಯ ಹಿರಿಯರನ್ನು ಕೇಳೋದು ಏನಾದರೂ ಇದ್ರೆ ಇವತ್ತೇ ಕೇಳ್ರಿ.

ಮುಂದಿನ ವಾರ ಸಿಗೂಣು. ಬರ್ತೀನ್ರಿ.